ಅರ್ಕಾವತ್ತು ಕರ್ನೆಲ್‌ನ ಹೊರಗೇ ಇರಲಿ

ತೊಂಬತ್ತರ ದಶಕದ ದೋಣಿಮಲೈ ಗಣಿ ಟೌನ್‌ಶಿಪ್ಪಿನಲ್ಲಿ ಕಂಪ್ಯೂಟರ್ ಕಲಿಯುವುದೆಂದರೆ ಡಾಸ್. ನಾವು ಹುಡುಗರು ಬರೆದ ಸಿ ಪ್ರೋಗ್ರಾಂನಲ್ಲಿ ಒಂದು ಪಾಯಿಂಟರ್ ದಾರಿ ತಪ್ಪಿದರೆ ಇಡೀ ಯಂತ್ರ ಸ್ತಬ್ಧ; ರೀಸೆಟ್ ಗುಂಡಿಯೇ ಗತಿ. ಇಂಟೆಲ್‌ನ 386 ಚಿಪ್ 1985ರಲ್ಲೇ ಮೆಮೊರಿಗೆ ಕಾವಲು ಹಾಕುವ ಸೌಕರ್ಯದೊಂದಿಗೆ ಬಂದಿತ್ತು. ಡಾಸ್ ಅದರ ಗೋಜಿಗೆ ಹೋಗಲಿಲ್ಲ. ಒಳಗು, ಹೊರಗು ಎಂಬ ಗೆರೆಯೇ ಇಲ್ಲ. ಯಾರು ಎಲ್ಲಿ ಬೇಕಾದರೂ ಬರೆಯಬಹುದಿತ್ತು. ಆ ಕಾಲವೇ ಚೆನ್ನಾಗಿತ್ತು ಎನ್ನುವವರಿದ್ದಾರೆ. ಚೆನ್ನಾಗಿದ್ದುದು ಅವರ ವಯಸ್ಸು, ಡಾಸ್ ಅಲ್ಲ.

ಆ ಯಂತ್ರಗಳಿಗೆ ಕನ್ನಡ ಬರಬೇಕಾದರೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಒಳಗೆ ಸಿಕ್ಕಿಸಬೇಕಿತ್ತು. ಕಾರ್ಡಿಗೆ ತನ್ನದೇ ಪ್ರೊಸೆಸರ್. ಒತ್ತು, ಕಾಗುಣಿತವೆಲ್ಲ ಅದರ ಹೊಣೆ. ತಾನು ಕನ್ನಡದ ಹೆಸರುಗಳನ್ನು ತೋರಿಸುತ್ತಿದ್ದೇನೆಂಬುದು ಮಾಹಿತಿ ಕೂಡಿಡುವ ಡಿಬೇಸ್‌ಗೆ ಗೊತ್ತೇ ಇರುತ್ತಿರಲಿಲ್ಲ.

ಈಗ ದೋಣಿಮಲೈಯಲ್ಲೇ ಇರುವ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಫೈರ್‌ಫಾಕ್ಸ್‌ನಲ್ಲಿ ಕನ್ನಡ ಅಚ್ಚುಕಟ್ಟು. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಕಪ್ಪು ಪರದೆಗೆ ಹೋದರೆ ಅದೇ ಕನ್ನಡ ಬರೀ ಚೌಕಗಳು. "ಮಾಮಾ, ಕನ್ನಡಾನ ಕರ್ನೆಲ್ಲಿಗೇ ಹಾಕಿದ್ರ ಆಗಂಗಿಲ್ಲೇನು?" ಎಂದು ಕೇಳಿದ. ಹಾಕಬಾರದು ಎಂದೆ.

'ಕಾರ್ಮಿಕ' ಎಂಬ ಪದವನ್ನೇ ನೋಡಿ. ಮೊದಲು ಒತ್ತುವ 'ರ್' ಪರದೆಯಲ್ಲಿ 'ಮಿ' ಆದಮೇಲೆ ಅರ್ಕಾವತ್ತಾಗಿ ಕೂರುತ್ತದೆ. 'ಸ್ತ್ರೀ' ಕಾಣುವುದು ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಕರ್ನೆಲ್‌ನ ಆ ಪರದೆ ಹಿಡಿಯುವುದು ಹೆಚ್ಚೆಂದರೆ 512 ಆಕಾರ, ಅದೂ ಒಂದೊಂದು ಮನೆಗೆ ಒಂದೊಂದರಂತೆ. ಅಕ್ಷರ ಜೋಡಿಸುವ ನಿಯಮಗಳು ಫಾಂಟಿನ ಕೋಷ್ಟಕಗಳಲ್ಲಿವೆ. ಅವನ್ನು ಓದುವುದು ಹಾರ್ಫ್‌ಬಜ್‌ನಂಥ ಹೊರಗಿನ ಲೈಬ್ರರಿ. ಫಾಂಟೆಂದರೆ ಬರೀ ಚಿತ್ರಗಳ ಕಟ್ಟಲ್ಲ. ಟ್ರೂಟೈಪ್ ಫಾಂಟಿನೊಳಗೆ ಅಕ್ಷರದ ಅಂಚು ತಿದ್ದುವ ಪುಟ್ಟ ಪ್ರೋಗ್ರಾಂಗಳೇ ಇರುತ್ತವೆ. ಯಾರೋ ಬರೆದ ಅಂಥ ಕಡತವನ್ನು ಕರ್ನೆಲ್ ಒಳಗೆ ಬಿಚ್ಚಿದರೆ ಏನಾಗುತ್ತದೆಂಬುದನ್ನು ಮೈಕ್ರೋಸಾಫ್ಟ್ ಅನುಭವಿಸಿದೆ. ವೇಗ ಬೇಕೆಂದು 1996ರ ವಿಂಡೋಸ್ ಎನ್‌ಟಿ 4.0ರಲ್ಲಿ ಗ್ರಾಫಿಕ್ಸ್ ಭಾಗವನ್ನು ಕರ್ನೆಲ್‌ಗೆ ಸೇರಿಸಿತು. 2011ರಲ್ಲಿ ಬಯಲಾದ ಡುಕು ಎಂಬ ಕುತಂತ್ರಾಂಶ ವರ್ಡ್ ಕಡತದಲ್ಲಿ ಅಡಗಿಸಿದ ಒಂದು ಫಾಂಟಿನ ಮೂಲಕವೇ ಕರ್ನೆಲ್‌ಗೆ ನುಗ್ಗಿತ್ತು. ವಿಂಡೋಸ್ 10ರ ಹೊತ್ತಿಗೆ ಫಾಂಟು ಓದುವ ಕೆಲಸವನ್ನು ಮತ್ತೆ ಹೊರಗೆ ತಂದರು.

1977ರಿಂದ ಅದಿರು ತೆಗೆಯುತ್ತಿರುವ ಗಣಿಯೂರಿನ ಹುಡುಗನಿಗೆ ಇಷ್ಟು ಹೇಳಿದರೆ ಸಾಕು: ಸಿಡಿಮದ್ದಿನ ಮನೆಯಲ್ಲಿ ಸಿಡಿಮದ್ದು ಮಾತ್ರ ಇಡುತ್ತಾರೆ, ಜಾಗ ಉಳಿದಿದೆ ಎಂದು ಊಟದ ಡಬ್ಬಿ ಇಡುವುದಿಲ್ಲ.

ಅಕ್ಷರ ಜೋಡಣೆ ಹೊರಗಿದ್ದರೂ ತಪ್ಪು ಆಗುತ್ತದೆ. 2018ರಲ್ಲಿ ತೆಲುಗಿನ ಒಂದು ಒತ್ತಕ್ಷರ ಬಂದರೆ ಐಫೋನಿನ ಮೆಸೇಜ್ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು. ತೆಲುಗು ಮನೆಮಾತಿನವರು ಬೇಕಾದಷ್ಟಿರುವ ನಮ್ಮ ಸೀಮೆಯಲ್ಲಿ ಅದು ತಮಾಷೆಯ ಸುದ್ದಿಯಲ್ಲ. ಆದರೂ ಬಿದ್ದದ್ದು ಆ್ಯಪ್, ಕರ್ನೆಲ್ ಅಲ್ಲ.

ಹಾಗೆಂದು ಎಲ್ಲವನ್ನೂ ಹೊರಗೆ ದಬ್ಬಬೇಕೆಂದಲ್ಲ. ಡ್ರೈವರ್‌ಗಳೂ ಹೊರಗಿರಬೇಕೆಂಬ ಪಕ್ಷ ಹಿಡಿದು 1992ರಲ್ಲಿ ಪ್ರಾಧ್ಯಾಪಕ ಟ್ಯಾನೆನ್‌ಬಾಮ್ ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಜೊತೆ ಜಗಳಕ್ಕೇ ನಿಂತರು. ಕಾಗದದ ಮೇಲೆ ಟ್ಯಾನೆನ್‌ಬಾಮರ ವಾದವೇ ಗಟ್ಟಿ. ಬಳಕೆಯಲ್ಲಿ ಗೆದ್ದದ್ದು ಲಿನಕ್ಸ್. ಲಿನಕ್ಸ್‌ನಲ್ಲಿ ಕಿಟಕಿ, ಚಿತ್ರ ತೋರಿಸುವ ಎಕ್ಸ್ ಸರ್ವರ್ ನೇರವಾಗಿ ವಿಡಿಯೊ ಕಾರ್ಡಿಗೆ ಕೈಹಾಕಿ ಪರದೆಯ ಅಳತೆ ಬದಲಿಸುತ್ತಿದ್ದ ಕೆಲಸ 2009ರಿಂದ ಕರ್ನೆಲ್‌ಗೆ ಬರತೊಡಗಿತು. ಸರಿಯೇ ಆಯಿತು: ಒಂದೇ ಯಂತ್ರಾಂಶಕ್ಕೆ ಇಬ್ಬರು ಯಜಮಾನರಿರಬಾರದು. ಮೆಮೊರಿ ಹಂಚುವುದು, ಪ್ರೊಸೆಸರ್‌ನ ಸರದಿ, ಡಿಸ್ಕಿನ ಹಿಡಿತ ಒಳಗೇ ಇರಲಿ. ಅಕ್ಷರದ ಅರ್ಥ, ಅಂದ ಹೊರಗಿನವರ ಕೆಲಸ. 2020ರಲ್ಲಿ ಲಿನಸ್ ಕಪ್ಪು ಪರದೆಯನ್ನು ಹಿಂದಕ್ಕೆ ಉರುಳಿಸಿ ನೋಡುವ ಸೌಲಭ್ಯವನ್ನೇ, ನೋಡಿಕೊಳ್ಳುವವರಿಲ್ಲವೆಂದು ಕಿತ್ತುಹಾಕಿದರು. ಅಲ್ಲಿ ಅರ್ಕಾವತ್ತನ್ನು ಯಾರು ಸಾಕುತ್ತಾರೆ?

ಕಪ್ಪು ಪರದೆಯಲ್ಲೂ ಕನ್ನಡ ಬೇಕೆನ್ನುವವರಿಗೆ ಕೆಎಂಎಸ್‌ಕಾನ್‌ನಂಥ ಕರ್ನೆಲ್ ಹೊರಗಿನ ಟರ್ಮಿನಲ್‌ಗಳಿವೆ. ಅಲ್ಲಿ ಒತ್ತು ತಪ್ಪಿದ್ದು ಕಂಡರೆ ಸುಮ್ಮನಿರಬೇಡಿ, ಅದನ್ನು ಬರೆದವರಿಗೆ ದೋಷದ ವರದಿ ಕಳಿಸಿ.