ಹಿಂಡಿದ ಹೋಳು

ಮಸ್ಕಿಯ ನಮ್ಮ ಆಯಿಯ ಮನೆಯಲ್ಲಿ ಲಿಂಬಿಹಣ್ಣು ಒಂದೇ ಸಲಕ್ಕೆ ಸತ್ತದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಮಂಡಾಳ ಒಗ್ಗರಣಿಯ ಮೇಲೆ ಹಿಂಡಿದ ಹೋಳು ನೇರ ತಿಪ್ಪೆಗೆ ಹೋಗುವಂತಿರಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿ ಬೋರಲು ಬಿದ್ದು ಮುಂದಿನ ಕೆಲಸಕ್ಕೆ ಕಾಯಬೇಕು. ಹತ್ತು ಗಂಟೆಗೆ ಚಿಟಿಕೆ ಉಪ್ಪು ಮೆತ್ತಿಸಿಕೊಂಡು ದೇವರ ತಂಬಿಗೆ, ಆರತಿ ತಟ್ಟೆ ತಿಕ್ಕಬೇಕು. ಶುಕ್ರವಾರ ಬಂತೆಂದರೆ ಒಳಗಿನದು ಹೊರಗಾಗಿ, ಎಣ್ಣೆ ತುಂಬಿಸಿಕೊಂಡು, ದೇವಿಯ ಮುಂದೆ ದೀಪವಾಗಿ ಕೂರಬೇಕು. ಯಾವ ಕೆಲಸವೂ ಇಲ್ಲದ ದಿನ ಆಯಿಯ ಜೊತೆ ಬಚ್ಚಲಿಗೆ ಹೋಗಿ ಅವಳ ಮೊಣಕೈ, ಹಿಮ್ಮಡಿ, ಕುತ್ತಿಗೆಯ ಸುತ್ತು ತಿರುಗಿ ಬರಬೇಕು. ಅಷ್ಟೆಲ್ಲ ಆದ ಮೇಲೆ ಅದರ ಮುಖ ನೋಡಿದರೆ, ನಿವೃತ್ತಿಗೆ ಎರಡು ದಿನ ಉಳಿದ ಗುಮಾಸ್ತನ ನೆನಪಾಗುತ್ತಿತ್ತು.

ನಾನು ಹುಟ್ಟಿದ್ದು ಮಸ್ಕಿ, ಕಾಲೇಜು ಕಲಿತದ್ದು ಲಿಂಗಸುಗೂರು, ಮದುವೆಯಾಗಿ ಬಂದದ್ದು ಸಿಂಧನೂರು. ಮೂರೂ ಒಂದೇ ರಸ್ತೆಗೆ ಪೋಣಿಸಿದ ಊರುಗಳು. ಮೂರರಲ್ಲೂ ನಾವು ಅನ್ನುವುದು ಲಿಂಬಿಕಾಯಿ ಅಂತಲೇ. ಮೈಸೂರು ಕಡೆಯ ಗೆಳತಿಯೊಬ್ಬಳು ನನ್ನ ಉಚ್ಚಾರವನ್ನು ತಿದ್ದಲು ಬಹಳ ದಿನ ಹೆಣಗಿದಳು, ‘ನಿಂಬೆ ಕಣೇ, ನಿಂಬೆ’ ಅಂತ. ಆಮೇಲೆ ಓದಿ ತಿಳಿಯಿತು: ನಮ್ಮ ದೇಶದ ನಿಂಬು ಪರ್ಷಿಯಾಕ್ಕೆ ಹೋಗಿ ಲೀಮು, ಅರಬ್ಬರ ಬಾಯಲ್ಲಿ ಲೈಮೂನ್, ಯುರೋಪಿಗೆ ಇಳಿದು ಲೆಮನ್. ಹಾಗೆ ನೋಡಿದರೆ ನಮ್ಮ ಲಿಂಬಿ ಆ ಇಡೀ ಪಯಣಕ್ಕೆ ಇಲ್ಲಿಂದಲೇ ಒಂದು ಕಾಲು ಮುಂದಿಟ್ಟು ನಿಂತಿದೆ. ಇಂಡಿಯಲ್ಲಿರುವ ಸರಕಾರಿ ಮಂಡಳಿಯೂ ‘ಲಿಂಬೆ ಅಭಿವೃದ್ಧಿ ಮಂಡಳಿ’ ಎಂದೇ ಬೋರ್ಡು ಹಾಕಿಕೊಂಡಿದೆ. ಗೆಳತಿಗೆ ಅದನ್ನು ಹೇಳಿದೆ. ಅವಳು ಒಪ್ಪಲಿಲ್ಲ.

ಹೆಸರಿನ ಮಾತು ಬಂತೆಂದು ಇನ್ನೊಂದು. ಇಂಗ್ಲಿಷಿನಲ್ಲಿ ನಾವು ಲೆಮನ್ ಎನ್ನುವುದು ಲೆಮನ್ ಅಲ್ಲ, ಲೈಮ್. ತೆಳುಸಿಪ್ಪೆಯ, ಗುಂಡಗಿನ ಕಾಗ್ದಿ ಲಿಂಬಿ. ಜಾಹೀರಾತಿನ ಚೆಲುವೆಯ ಕೈಯಲ್ಲಿರುವ ದಪ್ಪ ಹಳದಿ ಹಣ್ಣು, ತುದಿಗೆ ಮೂತಿ ಇರುವಂಥದು, ಅದು ಬೇರೆ ಜಾತಿ. ಈ ಗೊಂದಲದಿಂದ ಇಂಗ್ಲಿಷರೇ ಪೆಟ್ಟು ತಿಂದಿದ್ದಾರೆ. 1747ರಲ್ಲಿ ಸಾಲ್ಸ್‌ಬರಿ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ, ಒಸಡು ಕೊಳೆಯುತ್ತಿದ್ದ 12 ನಾವಿಕರಿಗೆ ಇಬ್ಬಿಬ್ಬರಂತೆ ಆರು ಬಗೆಯ ಔಷಧ ಕೊಟ್ಟು ನೋಡಿದ. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಜೋಡಿ ವಾರದೊಳಗೆ ಎದ್ದು ಕುಳಿತಿತು. ನೌಕಾಪಡೆ ಇದನ್ನು ನಂಬಿ ಹಡಗಿನಲ್ಲಿ ರಸ ಹಂಚಲು 1795 ಬರಬೇಕಾಯಿತು. ಮುಂದೆ ಹತ್ತೊಂಬತ್ತನೆಯ ಶತಮಾನದ ನಡುವಿಗೆ, ತಮ್ಮದೇ ವಸಾಹತಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಲೆಮನ್ ಬಿಟ್ಟು ಲೈಮಿಗೆ ಬದಲಾಯಿಸಿದರು. ಎರಡೂ ಹುಳಿಯೇ, ಆದರೆ ಲೈಮಿನಲ್ಲಿ ಸಿ ಜೀವಸತ್ವ ಕಡಿಮೆ. ಸೀಸೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಇನ್ನೂ ಕಡಿಮೆ. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ತಂಡ ಲೈಮ್ ರಸ ಜೊತೆಗೊಯ್ದೂ ಅದೇ ಒಸಡಿನ ರೋಗ ಹತ್ತಿಸಿಕೊಂಡು ಹಿಂತಿರುಗಿತು. ಲಿಂಗಸುಗೂರಿನ ಪಿಯುಸಿಯಲ್ಲಿ ನಮಗೆ ಜೇಮ್ಸ್ ಲಿಂಡನ ಅರ್ಧ ಕಥೆಯನ್ನಷ್ಟೇ ಹೇಳಿದ್ದರು. ಉಳಿದರ್ಧ ಗೊತ್ತಿದ್ದರೆ, ಹಣ್ಣು ಒಂದೇ ತರ ಹುಳಿ ಇದ್ದ ಮಾತ್ರಕ್ಕೆ ನಂಬಬಾರದು ಎಂಬ ಬುದ್ಧಿ ಆಗಲೇ ಬರುತ್ತಿತ್ತೇನೋ. ಬರಲಿಲ್ಲ.

ಆಯಿ ಕಪ್ಪು. ನಾನೂ ಆಯಿಯ ಬಣ್ಣವೇ. ಅಕ್ಕ ಅಪ್ಪನ ಕಡೆ ಹೋಗಿ ಗೋಧಿಬಣ್ಣ ತಂದಿದ್ದಳು. ಫೇರ್ ಅಂಡ್ ಲವ್ಲಿ ನಮ್ಮ ದೇಶದ ಪೇಟೆಗೆ ಬಂದದ್ದು 1975ರಲ್ಲಿ. ಮಸ್ಕಿಯ ಕಿರಾಣಿ ಅಂಗಡಿಯ ಗಾಜಿನ ಕಪಾಟಿಗೆ ಅದು ಮುಟ್ಟುವ ಹೊತ್ತಿಗೆ ನಾನು ಲಂಗ ದಾವಣಿಗೆ ಬಂದಿದ್ದೆ. (2020ರಲ್ಲಿ ಅದು ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಇಟ್ಟುಕೊಂಡಿತು. ಕಪಾಟಿನಲ್ಲಿ ಕೂತ ಜಾಗ ಬದಲಾಗಲಿಲ್ಲ.) ಟ್ಯೂಬು ಕೊಳ್ಳುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಹಿತ್ತಲಲ್ಲಿ ಲಿಂಬಿ ಗಿಡವಿತ್ತು. ಬಡವರ ಟ್ಯೂಬು ಅದೇ.

ಒಂದು ಏಪ್ರಿಲಿನಲ್ಲಿ ಸಿಂಧನೂರಿನಿಂದ ನನ್ನನ್ನು ನೋಡಲು ಬರುತ್ತಾರೆಂದು ಹೇಳಿಕಳಿಸಿದ್ದರು. ಚಿಗವ್ವ ನನ್ನ ಮುಖವನ್ನು ಸಂತೆಯ ಬದನೆಕಾಯಿ ನೋಡಿದಂತೆ ತಿರುವಿ ನೋಡಿದಳು.

“ಇನ್ನಾ ನಾಕು ದಿನ ಅದ. ಹಿಂಡಿದ ಹೋಳು ತಿಕ್ಕಿದ್ರ ಏನೂ ಆಗಂಗಿಲ್ಲ. ಇಡೀ ಹಣ್ಣು ಕೊಯ್ದು ಹಚ್ಚು. ಒಣಗೋಮಟ ತೊಳೀಬ್ಯಾಡ.”

ಇಡೀ ಹಣ್ಣು! ನಮ್ಮ ಮನೆಯಲ್ಲಿ ಅದು ದುಂದುಗಾರಿಕೆಯ ತುದಿ. ಆಯಿಗೆ ಕಾಣದಂತೆ ಎರಡು ಹಣ್ಣು ಕೊಯ್ದು ಕೆನ್ನೆ, ಕುತ್ತಿಗೆಗೆ ಸಿಪ್ಪೆ ಸಮೇತ ಒತ್ತಿ ಒತ್ತಿ ಹಚ್ಚಿಕೊಂಡೆ. ರಸ ಕೆನ್ನೆಯಿಂದ ಗಲ್ಲಕ್ಕೆ ಮೂರು ಗೆರೆಯಾಗಿ ಇಳಿಯಿತು. ಒಣಗಬೇಕಲ್ಲ? ಆ ದಿನ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದರು, ಕಾಗೆ ಕಾಯುವ ಸರದಿ ನನ್ನದು. ಮಸ್ಕಿಯ ಏಪ್ರಿಲ್ ಬಿಸಿಲೆಂದರೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳಿದರೆ ನಂಬುವುದಿಲ್ಲ. ಮಲ್ಲಿಕಾರ್ಜುನನ ಗುಡ್ಡದ ಬಂಡೆಗಳು ಸಂಜೆ ಏಳಕ್ಕೂ ಹೆಂಚಿನಂತೆ ಕಾದಿರುತ್ತವೆ. ಹನ್ನೊಂದರಿಂದ ಒಂದರವರೆಗೆ ಸಂಡಿಗೆಯೂ ನಾನೂ ಒಟ್ಟಿಗೆ ಒಣಗಿದೆವು.

ಅವತ್ತು ಏನೂ ಆಗಲಿಲ್ಲ. ಅದೇ ಮೋಸ. ಮರುದಿನ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಚಿಗವ್ವ ‘ಬಣ್ಣ ಬರಾಕತ್ತೈತಿ’ ಎಂದು ಹಿಗ್ಗಿದಳು. ಮೂರನೆಯ ದಿನ ಸಣ್ಣ ಸಣ್ಣ ಗುಳ್ಳೆ. ನಾಲ್ಕನೆಯ ದಿನ ಸಿಂಧನೂರಿನವರು ಬಂದು ಚಾಪೆಯ ಮೇಲೆ ಕುಳಿತಾಗ, ನನ್ನ ಎಡಗೆನ್ನೆಯ ಮೇಲೆ ಯಾರೋ ಮಸಿಗೈಯಿಂದ ಹೊಡೆದಂತೆ ಮೂರು ಕಪ್ಪು ಬರೆ.

ಆಯಿ ಬಾಗಿಲ ಮರೆಯಲ್ಲಿ ನಿಂತು ಬೈದಳು. “ನಾ ಐವತ್ತು ವರ್ಷ ಹಚ್ಚೀನಿ, ನನಗೇನಾತು? ನೀ ಇಡೀ ಹಣ್ಣು ಕಳದೀ ನೋಡು, ಅದಕ್ಕ ಶಾಪ ಹತ್ತೇತಿ.”

ಶಾಪದ ಹೆಸರು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಚರ್ಮದ ವೈದ್ಯೆಯೊಬ್ಬರು ಹೇಳಿದಾಗ: ಫೈಟೊಫೋಟೊಡರ್ಮಟೈಟಿಸ್. ಲಿಂಬಿಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ನೆರಳಲ್ಲಿ ಅವು ಸಾಧು. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಎಚ್ಚೆತ್ತು ಚರ್ಮದ ಜೀವಕೋಶಗಳನ್ನೇ ಸುಡುತ್ತವೆ. ಉರಿ ಒಂದು ದಿನ ತಡವಾಗಿ ಏಳುತ್ತದೆ, ಎರಡು ಮೂರು ದಿನಕ್ಕೆ ಏರುತ್ತದೆ. ಉಳಿದ ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೋಗದು. ರಸ ಎಲ್ಲೆಲ್ಲಿ ಹರಿದಿತ್ತೋ ಅಲ್ಲಲ್ಲೇ ಗೆರೆ. ಬಿಳಿಯಾಗಲು ಹಚ್ಚಿದ್ದು ಕಪ್ಪು ಬರೆಯಿತು. ನನ್ನ ಬರೆ ಮಾಸುವಾಗ ದಸರೆ ಬಂದಿತ್ತು.

ಹಾಗಾದರೆ ಆಯಿಗೇಕೆ ಏನೂ ಆಗಲಿಲ್ಲ? ಈ ಒಗಟು ನನ್ನನ್ನು ಬಹಳ ದಿನ ಕಾಡಿತು. ಅವಳಿಗೆ ಫ್ಯೂರೊಕೌಮರಿನ್ನೂ ಗೊತ್ತಿಲ್ಲ, ಕಿರಣವೂ ಗೊತ್ತಿಲ್ಲ. ಆಮೇಲೆ ಅವಳ ಬಚ್ಚಲು ಕಣ್ಣಮುಂದೆ ಬಂತು. ಕಿಟಕಿಯಿಲ್ಲದ, ಹೊಗೆಗೆ ಕಪ್ಪಾದ ಕೋಣೆ. ಹಂಡೆಯ ಬೆಂಕಿಯ ಬೆಳಕಿಗಿಂತ ಹೆಚ್ಚಿನ ಬೆಳಕು ಅಲ್ಲಿಗೆ ಹೊಕ್ಕಿದ್ದೇ ಇಲ್ಲ. ಹೋಳಿನಲ್ಲಿ ರಸ ಆಗಲೇ ಒಗ್ಗರಣಿಗೆ ಹೋಗಿರುತ್ತಿತ್ತು. ತಿಕ್ಕಿದ ಬೆನ್ನಿಗೇ ಕಡ್ಲಿಹಿಟ್ಟು, ಎರಡು ಚರಿಗೆ ಬಿಸಿನೀರು. ಎಲ್ಲ ತೊಳೆದುಹೋದ ಮೇಲೆಯೇ ಅವಳು ಬೆಳಕಿಗೆ ಬರುತ್ತಿದ್ದಳು. ನಾವು ಅವಳಿಂದ ಲಿಂಬಿಯನ್ನು ಕಲಿತೆವು, ಬಚ್ಚಲನ್ನು ಬಿಟ್ಟೆವು.

ಬೆಳ್ಳಗಾದಳೇ ಎಂದರೆ, ಇಲ್ಲ. ಕೊನೆಯವರೆಗೂ ಕಪ್ಪಗೇ ಇದ್ದಳು. ತಂಬಿಗೆ ಮಾತ್ರ ಹೊಳೆಯಿತು. ಹಿತ್ತಾಳೆಯ ಮೇಲಿನ ಕಪ್ಪು ಗಾಳಿಗೆ ಕಟ್ಟಿದ ಪೊರೆ. ಲಿಂಬಿಯ ಹುಳಿ ಅದನ್ನು ಕರಗಿಸಿ ತೆಗೆಯುತ್ತದೆ. ಚರ್ಮದ ಕಪ್ಪು ಹಾಗೆ ಮೇಲೆ ಕಟ್ಟಿದ್ದಲ್ಲ, ಒಳಗಿನ ಜೀವಕೋಶಗಳು ಬಿಸಿಲಿಗೆಂದೇ ನೇಯ್ದ ಕೊಡೆ. ಲಿಂಬಿರಸದ ಹುಳಿ ನಮ್ಮ ಚರ್ಮದ ಸಹಜ ಹುಳಿಗಿಂತ ಸುಮಾರು ಸಾವಿರ ಪಟ್ಟು ತೀಕ್ಷ್ಣ. ತಂಬಿಗೆ ತಿಕ್ಕಿದ ಹಾಗೆ ಮುಖ ತಿಕ್ಕಿದರೆ ಕೊಡೆಗೆ ತೂತು ಬೀಳುತ್ತದೆ, ಅಷ್ಟೆ.

ಆ ದಿನ ನೋಡಲು ಬಂದವರಲ್ಲಿ ನಮ್ಮ ಮಾವನವರು, ಅಂದರೆ ಮುಂದೆ ಮಾವನಾದವರು, ನನ್ನ ಕೆನ್ನೆಗಿಂತ ಹೆಚ್ಚು ಹೊತ್ತು ನಮ್ಮ ಹೊಲದ ವಿಚಾರ ಮಾತಾಡಿದರು. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ಊರು. 1953ರಲ್ಲಿ ಅಣೆಕಟ್ಟಿನ ನೀರು ಬಿಟ್ಟ ಮೇಲೆ ಜೋಳದ ಸೀಮೆಗೆ ನಿಧಾನವಾಗಿ ಭತ್ತ ಬಂತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಬಂದವು, ಮಣ್ಣಿನ ಬೆಲೆ ಏರಿತು. “ಎರಿ ಎಷ್ಟು ಕರ್ರಗಿರ್ತೈತಿ ಅಷ್ಟು ಚಲೋರೀ” ಎಂದು ಮಾವನವರು ಅಪ್ಪನಿಗೆ ವಿವರಿಸುತ್ತಿದ್ದರು. ಅದೇ ಚಾಪೆಯ ಇನ್ನೊಂದು ತುದಿಯಲ್ಲಿ, ಹುಡುಗಿ ಸ್ವಲ್ಪ ಕರ್ರಗಾತು, ಹಂಗಾದ್ರ ಬಂಗಾರ ಎಷ್ಟು ಎಂಬ ಮಾತು ಹೆಂಗಸರ ನಡುವೆ ನಡೆದಿತ್ತು. ನಮ್ಮ ಸೀಮೆಯಲ್ಲಿ ಹೊಲ ಕಪ್ಪಾದರೆ ಕೊಳ್ಳುವವರು ಹೆಚ್ಚು ಕೊಡುತ್ತಾರೆ, ಹುಡುಗಿ ಕಪ್ಪಾದರೆ ಹುಡುಗಿಯ ಮನೆಯವರು ಹೆಚ್ಚು ಕೊಡಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಡಿಯಿಂದ ಚಿನ್ನ ತೆಗೆಯುತ್ತಾರೆ, ಆ ಚಿನ್ನ ಎಲ್ಲಿಗೆ ಹೋಗುತ್ತದೆಂದು ಆ ಮಧ್ಯಾಹ್ನ ನನಗೆ ಚೂರು ಗೊತ್ತಾದಂತಾಯಿತು.

ನಮ್ಮ ಯಜಮಾನರು ಇವತ್ತಿಗೂ ಹೇಳುತ್ತಾರೆ: ‘ನಾ ಅದನ್ನ ಒಲಿ ಮಸಿ ಅನ್ಕೊಂಡಿದ್ದೆ. ಹುಡುಗಿ ಕೆಲಸದಾಕಿ ಅದಾಳ ಅಂತ ಒಪ್ಪಿದೆ.’

ಲಿಂಬಿಯಿಂದ ನಿಜವಾಗಿ ಚೆಲುವು ಬಂದದ್ದು ಆಯಿಯ ಹಣೆಗೆ. ಅವಳು ಕುಂಕುಮ ಪೇಟೆಯಿಂದ ತಂದವಳಲ್ಲ. ಅರಿಶಿನ ಕೊಂಬನ್ನು ಲಿಂಬಿರಸದಲ್ಲಿ ನೆನೆಹಾಕಿ, ಬಿಳಿಗಾರ, ಪಟಿಕ ಸೇರಿಸಿ, ದಿನವೂ ಕೈಯಾಡಿಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸುತ್ತಿದ್ದಳು. ಹಳದಿ ಕೊಂಬು ದಿನದಿನಕ್ಕೆ ಕೆಂಪಾಗುತ್ತ ಹೋಗುವುದನ್ನು ನೋಡುವುದೇ ನಮಗೊಂದು ಆಟ. ನೆರಳಲ್ಲೇ ಒಣಗಬೇಕು ಎಂದು ಅಲ್ಲಿಯೂ ಅವಳ ಕಟ್ಟಪ್ಪಣೆ. ಆ ಕರಿ ಹಣೆಯ ಮೇಲೆ ಆ ಕೆಂಪು ಕಾಸಗಲದ ಕುಂಕುಮ ಕೂತಾಗಿನ ಚೆಂದವನ್ನು ಯಾವ ಟ್ಯೂಬೂ ಕೊಡಲಾರದು.

ಇನ್ನು ಹೊಟ್ಟೆಗೆ ಹೋದ ಲಿಂಬಿಯ ಬಗ್ಗೆ ನನಗೆ ತಕರಾರಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯದ ಮೇಲೆ ನಾಲ್ಕು ಹನಿ ಹಿಂಡಿದರೆ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಹೇಳಿಸಿಕೊಂಡು ಬರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೆನ್ನೆಗಿಂತ ತಾಟಿನಲ್ಲಿ ಅದರ ಕೆಲಸ ದೊಡ್ಡದು. ಸಿಂಧನೂರಿಗೆ ಬಂದ ಮೇಲೆ, ಪುನರ್ವಸತಿ ಕ್ಯಾಂಪಿನ ಬಂಗಾಲಿ ಮನೆಯೊಂದರಲ್ಲಿ ಊಟಕ್ಕೆ ಕೂತಾಗ, ಅನ್ನ ಬೇಳೆಯ ಪಕ್ಕ ಉಪ್ಪಿಗಿಂತ ಮೊದಲು ಲಿಂಬಿ ಹೋಳು ಬಿದ್ದದ್ದು ಕಂಡು ‘ಅರೇ, ನಮ್ಮವರೇ’ ಅನಿಸಿತ್ತು. ನಾಟಿ ಮಾಡುವವರಿಗೆ ಬಿಸಿಲು ಬಡಿದು ವಾಂತಿಭೇದಿ ಹತ್ತಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಲಿಂಬಿ ರುಚಿಗೆ ಮಾತ್ರ, ಜೀವ ಉಳಿಸುವುದು ಆ ಅಳತೆ. ಬೆಳಗಿನ ಬಿಸಿನೀರು ಜೇನುತುಪ್ಪದ ಲಿಂಬಿ ಬೊಜ್ಜು ಕರಗಿಸುತ್ತದೆ ಎಂದು ನಂಬಿ ನಮ್ಮ ನೆಗೆಣ್ಣಿ ಎರಡು ವರ್ಷ ಕುಡಿದಳು. ಹಲ್ಲು ಜುಮ್ಮೆನ್ನತೊಡಗಿತು. ಬೊಜ್ಜು ತನ್ನ ಜಾಗದಲ್ಲೇ ಇತ್ತು.

ಗಿಡಮದ್ದಿನ ಮಾತು ಬಂತೆಂದು ಹೇಳುವೆ, ನಮ್ಮೂರು ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡದ್ದು. ಅದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಸಿಕ್ಕಿ ಜಗತ್ತು ಮಸ್ಕಿಯ ಕಡೆ ತಿರುಗಿತು. ಮನುಷ್ಯರಿಗೂ ದನಕರುಗಳಿಗೂ ಔಷಧಿಯ ಗಿಡ, ಬೇರು, ಹಣ್ಣು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದೇನೆ ಎಂದು ಅವನು ಹೇಳಿರುವುದು ನಮ್ಮೂರ ಬಂಡೆಯ ಮೇಲಲ್ಲ, ಬೇರೆ ಕಡೆಯ ದೊಡ್ಡ ಶಾಸನಗಳಲ್ಲಿ. ಶಾಲೆಯಲ್ಲಿ ಕಲಿತದ್ದನ್ನು ನಾನು ಆಯಿಗೆ ಒಪ್ಪಿಸಿದಾಗ ಅವಳು ಹೋಳನ್ನು ಗೂಡಿಗೆ ಇಡುತ್ತ ಕೇಳಿದ್ದಳು, “ಹಿತ್ತಲದಾಗಿನ ಲಿಂಬಿಗಿಡಾನೂ ಅವನೇ ಹಚ್ಚ್ಯಾನೇನು? ಮತ್ತ ನೀರು ನಾ ಯಾಕ ಹಾಕ್ಬೇಕು?”

ಕಳೆದ ಬೇಸಿಗೆ ಲಿಂಗಸುಗೂರಿಗೆ ಹೊರಟಿದ್ದೆ. ಸಿಂಧನೂರಿನ ಸಂತೆಯಲ್ಲಿ ಲಿಂಬಿ ತುಟ್ಟಿಯಾಗಿತ್ತು, ಆದರೂ ಒಂದು ಚೀಲದಲ್ಲಿತ್ತು. ಬಸ್ಸಿಗೆ ಹೊರಟಾಗ ಮುಷ್ಟಿಯಲ್ಲಿ ಲಿಂಬಿ ಹಿಡಿಯುವುದು ಆಯಿಯಿಂದ ಬಂದ ಚಾಳಿ. ಎದುರು ಸೀಟಿನಲ್ಲಿ ತಾಯಿಯೊಬ್ಬಳ ತೊಡೆಯ ಮೇಲೆ ಆರೇಳು ವರ್ಷದ ಹುಡುಗಿ ಓಕರಿಸುತ್ತಿತ್ತು. ಹಣ್ಣು ಕೊಟ್ಟೆ. ತಾಯಿ ಅದಕ್ಕೆ ಉಗುರು ಊರಿ ಸಿಪ್ಪೆ ಗೀರಿ ಮಗುವಿನ ಮೂಗಿಗೆ ಹಿಡಿದಳು. ಬಸ್ಸಿನ ಡೀಸೆಲ್ ವಾಸನೆಯ ನಡುವೆ ಮಸ್ಕಿಯ ನಮ್ಮ ಹಿತ್ತಲು ಒಮ್ಮೆ ಸುಳಿದು ಹೋಯಿತು. ಮಗು ಸುಧಾರಿಸಿಕೊಂಡು ಹೊರಗೆ ನೋಡತೊಡಗಿತು. ತಾಯಿ ರಸ ಹತ್ತಿದ ಬೆರಳನ್ನು ಸುಮ್ಮನೆ ಎಂಬಂತೆ ಮಗುವಿನ ಕರಿ ಕೆನ್ನೆಗೆ ಸವರಿದಳು. ಕಿಟಕಿಯ ಬದಿ, ಹನ್ನೊಂದರ ಬಿಸಿಲು ನೇರ ಆ ಕೆನ್ನೆಯ ಮೇಲೇ.

“ಯವ್ವಾ, ಕೂಸಿನ್ನ ಈಕಡಿ ಸೀಟಿಗೆ ಕರಕೊಂಡು ಬಾ. ಅಲ್ಲಿ ಬಿಸಲದ. ಮಾರಿ ಒರಸು ಮೊದಲ” ಎಂದೆ, ನೀರಿನ ಬಾಟ್ಲಿ ಚಾಚುತ್ತ.

“ಇರ್ಲಿ ಬಿಡ್ರೀ ಅಮ್ಮಾರೆ,” ಅಂದಳು, “ಮಸ್ಕಿ ಬಂತು.”

ಬಾಟ್ಲಿಯ ಬಿರಡೆ ಬಿಚ್ಚಿ ನಾನೇ ಎದ್ದೆ.