ಹದಿನೈದು ಸೆಕೆಂಡಿನ ತಾಳ

ಸಂಜೆ ಐದೂವರೆ, ಆರರ ಹೊತ್ತಿಗೆ 14.074 ಮೆಗಾಹರ್ಟ್ಸಿಗೆ ರೇಡಿಯೋ ತಿರುಗಿಸಿ ಕೂತರೆ ಬಂಟ್ವಾಳದ ನಮ್ಮ ಮನೆಯ ಚಾವಡಿಗೆ ಯುರೋಪು ಬರುತ್ತದೆ. ಬರುವುದು ಸಣ್ಣ ಸಣ್ಣ ಶಿಳ್ಳೆಗಳ ರೂಪದಲ್ಲಿ. ಒಂದರ ಮೇಲೊಂದು ಬಿದ್ದ ಆ ಶಿಳ್ಳೆಗಳು ಹದಿಮೂರು ಸೆಕೆಂಡಿನಷ್ಟು ಹೊತ್ತು ಏರಿಳಿದು, ಒಟ್ಟಿಗೇ ನಿಂತು, ಎರಡು ಸೆಕೆಂಡು ಬಿಟ್ಟು ಮತ್ತೆ ಒಟ್ಟಿಗೇ ಸುರುವಾಗುತ್ತವೆ. ನಡುವಿನ ಆ ಬಿಡುವಿನಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲುಗಳು ಮೂಡುತ್ತವೆ: ಇಟಲಿಯವನೊಬ್ಬ, ಪೋಲೆಂಡಿನವನೊಬ್ಬ, ಅವರ ಕರೆಸಂಕೇತ, ಸಿಗ್ನಲಿನ ಬಲ. ಈ ಸಾಲುಗಳನ್ನು ನೋಡುತ್ತ ಕೂರುವುದು ಸುಖ. ಅವು ಮೂಡದೆ ಹೋದ ದಿನ ಯಾಕೆಂದು ಹುಡುಕುತ್ತ ಕೂರುವುದು ಇನ್ನೂ ದೊಡ್ಡ ಸುಖ.

ಈ ವಿಧಾನದ ಹೆಸರು ಎಫ್‌ಟಿ8. 2017ರಲ್ಲಿ ಇದನ್ನು ಹವ್ಯಾಸಿ ರೇಡಿಯೋದವರ ಕೈಗೆ ಕೊಟ್ಟವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಜೋ ಟೇಲರ್ ಅಂದರೆ ಜೋಡಿ ಪಲ್ಸಾರನ್ನು ಕಂಡುಹಿಡಿದದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆಕಾಶದ ಗದ್ದಲದೊಳಗಿಂದ ಕ್ಷೀಣ ಮಿಡಿತವನ್ನು ಹೆಕ್ಕುವ ವಿದ್ಯೆಯನ್ನು ಅವರು ನಮ್ಮಂಥವರಿಗೂ ಹಂಚಿದರು. ಎಂಟು ಸ್ವರಗಳು, ಒಂದರಿಂದ ಇನ್ನೊಂದಕ್ಕೆ 6.25 ಹರ್ಟ್ಸ್ ಅಂತರ. ಒಂದೊಂದು ಸ್ವರದ ಆಯುಸ್ಸು 0.16 ಸೆಕೆಂಡು. ಇಂಥ 79 ಸ್ವರಗಳು ಸೇರಿದರೆ 12.64 ಸೆಕೆಂಡಿನ ಒಂದು ಸಂದೇಶ. ಪ್ರತಿ ನಿಮಿಷದ 0, 15, 30, 45ನೇ ಸೆಕೆಂಡಿಗೆ ಲೋಕದ ಎಲ್ಲರೂ ಎತ್ತುಗಡೆ ಮಾಡುತ್ತಾರೆ. ಕಿವಿಗೆ ಬರೀ ಗದ್ದಲವೆಂದು ಕೇಳುವಲ್ಲಿಂದಲೂ ಇದು ಅಕ್ಷರ ಬಿಡಿಸಿ ಕೊಡುತ್ತದೆ.

ಇಷ್ಟು ಗಟ್ಟಿಯಾದ ವಿದ್ಯೆ ಸೋಲುವುದು ಎಲ್ಲಿ ಗೊತ್ತೇ? ರೇಡಿಯೋದಿಂದ ಕಂಪ್ಯೂಟರಿಗೆ ಹೋಗುವ ಒಂದು ಮಾರುದ್ದದ ದಾರಿಯಲ್ಲಿ. ರೇಡಿಯೋದ ಶಬ್ದವನ್ನು ಸೌಂಡ್ ಕಾರ್ಡು ಸೆಕೆಂಡಿಗೆ 48,000 ಸಲ ಅಳೆದು ಯುಎಸ್‌ಬಿ ಕೇಬಲಿನಲ್ಲಿ ಕಳಿಸುತ್ತದೆ. ಲ್ಯಾಪ್‌ಟಾಪು ಅದನ್ನು ಕಂತು ಕಂತಾಗಿ ಎತ್ತಿಕೊಳ್ಳಬೇಕು. ಬೇರಾವುದೋ ಕೆಲಸದಲ್ಲಿ ಸಿಕ್ಕಿಬಿದ್ದು ಎತ್ತಿಕೊಳ್ಳುವುದು ತಡವಾದರೆ ಒಂದು ಕಂತು ಹೋಯಿತು. ಹಾಡು ಕೇಳುತ್ತಿದ್ದರೆ ಟಿಕ್ ಎಂದೊಂದು ಸದ್ದು, ಅಷ್ಟೆ, ಕಿವಿ ಕ್ಷಮಿಸಿಬಿಡುತ್ತದೆ. ಎಫ್‌ಟಿ8 ಕ್ಷಮಿಸುವುದಿಲ್ಲ.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮೂರವರಿಗೆ ಇದನ್ನು ತಿಳಿಸುವುದು ಸುಲಭ. ಭಾಗವತರ ಸ್ವರ ಅರೆಕ್ಷಣ ಕಟ್ಟಿದರೂ ಆಟಕ್ಕೇನೂ ಆಗದು. ಜಾಗಟೆ, ಚೆಂಡೆ, ಮದ್ದಳೆಗಳಲ್ಲಿ ತಾಳ ನಡೆಯುತ್ತಲೇ ಇರುತ್ತದೆ, ಮುಂದಿನ ಪೆಟ್ಟಿಗೆ ಪದ ಬಂದು ಸೇರಿಕೊಳ್ಳುತ್ತದೆ. ತಾಳದಲ್ಲೇ ಒಂದು ಮಾತ್ರೆ ಹಾರಿಹೋದರೆ ಮಾತ್ರ ಅಲ್ಲಿಂದಾಚೆಯ ಪ್ರತಿ ಹೆಜ್ಜೆಯೂ ತಪ್ಪು. ಎಫ್‌ಟಿ8ರಲ್ಲೂ ಹಾಗೆಯೇ. ಅಲೆ ಕ್ಷೀಣಿಸಿ ನಾಲ್ಕಾರು ಸ್ವರ ಮಸುಕಾದರೆ ಸಂದೇಶದೊಳಗೇ ಇರುವ ತಿದ್ದುಪಡಿಯ ಗಣಿತ ಅದನ್ನು ತುಂಬಿಕೊಡುತ್ತದೆ. ಆದರೆ ನಡುವಿನಿಂದ 100 ಮಿಲಿಸೆಕೆಂಡು ಕತ್ತರಿಸಿಹೋದರೆ ಉಳಿದ ಸ್ವರಗಳೆಲ್ಲ ಅರ್ಧ ಸ್ವರಕ್ಕಿಂತ ಹೆಚ್ಚು ಮುಂಚಿತವಾಗಿ ಬಂದು ನಿಲ್ಲುತ್ತವೆ. ಸಂದೇಶದ ಆದಿ, ಮಧ್ಯ, ಅಂತ್ಯಗಳಲ್ಲಿ ಏಳೇಳರಂತೆ ಇಟ್ಟಿರುವ ಗುರುತಿನ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಪರದೆಯ ಮೇಲೆ ದಪ್ಪನೆಯ ಹಳದಿ ಗೆರೆ ಕಾಣುತ್ತದೆ, ಅಕ್ಷರ ಒಂದೂ ಹುಟ್ಟುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ದೋಷವನ್ನು ಪತ್ತೆಹಚ್ಚಲು ಒಂದು ತೊಡಕು ಹೆಚ್ಚು. ಏಪ್ರಿಲ್, ಮೇ ಸಂಜೆಗಳಲ್ಲಿ ಚಾರ್ಮಾಡಿಯ ಕಡೆಗೆ ಮೋಡ ಕಟ್ಟಿತೆಂದರೆ ರೇಡಿಯೋದಲ್ಲಿ ಚಟಚಟ ಸುರು. ಸಿಡಿಲು ಬಿದ್ದ ಸದ್ದೂ ಕಂತು ಹಾರಿದ ಸದ್ದೂ ಪರದೆಯ ವಾಟರ್‌ಫಾಲ್ ಚಿತ್ರದಲ್ಲಿ ಅಡ್ಡಗೆರೆಯಾಗಿಯೇ ಕಾಣುತ್ತವೆ. ಬೇರೆ ಮಾಡುವುದು ಹೇಗೆ? ನಾನು ತುಂಬ ಇಷ್ಟಪಡುವ ಉಪಾಯವೊಂದಿದೆ. ಯಾವುದಾದರೊಂದು ಪ್ರಸಾರ ಕೇಂದ್ರದ ಅಲೆಯನ್ನು ಒಂದು ಕಿಲೋಹರ್ಟ್ಸ್ ಆಚೆಗೆ ಸರಿಸಿ ಹಿಡಿದರೆ ಹಿನ್ನೆಲೆಯಲ್ಲಿ ಒಂದೇ ಸಮನೆ ಶ್ರುತಿ ಹಿಡಿದಂತೆ ನಾದ ಬರುತ್ತದೆ. ಅದನ್ನು ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಮುದ್ರಿಸಿ, ಹಿಗ್ಗಿಸಿ ನೋಡಬೇಕು. ಸಿಡಿಲಾದರೆ ಗದ್ದಲದ ಅಡಿಯಿಂದ ಅಲೆ ತನ್ನ ಲೆಕ್ಕದಲ್ಲೇ ಮುಂದೆ ಹೋಗಿರುತ್ತದೆ. ಕಂತು ಹಾರಿದ್ದಾದರೆ ಏರುತ್ತಿದ್ದ ಅಲೆ ಕಡಿದು, ಎಲ್ಲೋ ಇಳಿಜಾರಿನಲ್ಲಿ ಕೂಡಿಕೊಂಡಿರುತ್ತದೆ. ಆ ಹೊಲಿಗೆಯ ಜಾಗ ಕಣ್ಣಿಗೆ ಬಿದ್ದಾಗ ಆಗುವ ಸಂತೋಷವನ್ನು ಈ ಹುಚ್ಚು ಹಿಡಿದವರೇ ಬಲ್ಲರು. (ಮೋಡ ಹತ್ತಿರ ಬಂದಿದ್ದರೆ ಯಾವ ಪರೀಕ್ಷೆಯೂ ಬೇಡ. ಆಂಟೆನಾದ ಕೇಬಲು ಕಳಚಿ ಮನೆಯಿಂದ ಹೊರಗೆ ಹಾಕಬೇಕು.)

ಬೆಳ್ತಂಗಡಿಯ ಆಚೆ ಅಡಕೆ ತೋಟದ ನಡುವೆ ನನ್ನೊಬ್ಬ ಕಿರಿಯ ಗೆಳೆಯನಿದ್ದಾನೆ. ಅಡಕೆ ಕೊಯ್ಯುವ ದೋಟಿಯಲ್ಲಿ ತಂತಿ ಎತ್ತಿ ಮರದಿಂದ ಮರಕ್ಕೆ ಕಟ್ಟಿದವನು. ಒಂದು ರಾತ್ರಿ ಅವನ ಫೋನು. "ಎಂತ ಮಾರಾಯ್ರೆ, ಗೆರೆ ಒಳ್ಳೆ ಕಾಣ್ತದೆ, ಅಕ್ಷರ ಮಾತ್ರ ಬರುದಿಲ್ಲ."

"ಲ್ಯಾಪ್‌ಟಾಪು ಕರೆಂಟಲ್ಲಿ ಉಂಟಾ, ಬ್ಯಾಟ್ರಿಯಲ್ಲಾ?"

"ಕರೆಂಟೆಲ್ಲಿ? ಮಧ್ಯಾಹ್ನವೇ ಹೋಗಿದೆ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬ್ಯಾಟರಿಗೆ ಬಂದೊಡನೆ ವಿಂಡೋಸ್ ಮಿತವ್ಯಯಕ್ಕೆ ಇಳಿಯುತ್ತದೆ. ಪ್ರೊಸೆಸರಿನ ವೇಗ ತಗ್ಗಿಸುತ್ತದೆ, ಯುಎಸ್‌ಬಿ ಕಿಂಡಿಗಳನ್ನು ಮಲಗಿಸಲು ನೋಡುತ್ತದೆ. ಪವರ್ ಆಪ್ಷನ್ಸಿಗೆ ಹೋಗಿ ಅದನ್ನು ನಿಲ್ಲಿಸಲು ಹೇಳಿದೆ. ಅಕ್ಷರ ಬಂತು, ಆದರೆ ಎರಡು ಸರದಿಗೊಮ್ಮೆ. ಇನ್ನೂ ಯಾರೋ ಅಡ್ಡ ಬರುತ್ತಿದ್ದಾರೆ ಎಂದರ್ಥ. ಇಂಥಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಬಲು ಉಪಕಾರಿ. ಯಾವ ಡ್ರೈವರು ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತೆಂದು ಪಟ್ಟಿ ಮಾಡಿ ತೋರಿಸುತ್ತದೆ. ಅವನಲ್ಲಿ ಪಟ್ಟಿಯ ಮೇಲೆ ಕೂತಿದ್ದದ್ದು ವೈಫೈ. ವೈಫೈ ಬಂದ್ ಮಾಡಿದ ಮರುಗಳಿಗೆಯಲ್ಲಿ ಅವನ ಪರದೆ ತುಂಬಿತು. "ಬಂತು ಬಂತು" ಎಂದು ಅವನು ಕೂಗಿದ್ದು ಫೋನು ಇಲ್ಲದೆಯೂ ಕೇಳಿಸುವಂತಿತ್ತು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಈ ಶಿಸ್ತು ನನಗೆ ಪ್ರಿಯ. ಕೇಬಲು, ಹಬ್ಬು, ಸ್ಯಾಂಪಲ್ ದರ, ಡ್ರೈವರು ಎಲ್ಲವನ್ನೂ ಒಂದೇ ಸಂಜೆಗೆ ತಿರುಚಿದರೆ ದೋಷ ಹೋದೀತು, ಆದರೆ ಯಾವುದರಿಂದ ಹೋಯಿತೆಂಬ ತಿಳಿವಳಿಕೆಯೂ ಜೊತೆಗೇ ಹೋಗುತ್ತದೆ. ನಮಗೆ ಬೇಕಾದದ್ದು ಆ ತಿಳಿವಳಿಕೆ.

ನಾವು ಕಳಿಸುವಾಗಿನ ದೋಷ ಇನ್ನೊಂದು ಬಗೆ. ನಮ್ಮ ಸಿಗ್ನಲು ಹೇಗೆ ಹೋಗುತ್ತಿದೆಯೆಂದು ನಮಗೆ ಕೇಳುವುದಿಲ್ಲ. 20 ಮೀಟರ್ ಬ್ಯಾಂಡಿನ ಅರ್ಧ ತರಂಗದ ತಂತಿ ಸುಮಾರು 10 ಮೀಟರು; ಅಂಗಳ ಸಣ್ಣದಾದರೆ ಅದರ ತುದಿ ಮಾಡಿನ ಹತ್ತಿರವೇ ಬರುತ್ತದೆ. ಆಗ ಯುಎಸ್‌ಬಿ ಕೇಬಲು ಕೂಡ ಆಂಟೆನಾ ಆಗಿ, ನಮ್ಮದೇ ಅಲೆಯನ್ನು ಹೀರಿ ಸೌಂಡ್ ಕಾರ್ಡನ್ನು ಕಂಗೆಡಿಸುತ್ತದೆ. ಪವರನ್ನು ಐದು ವ್ಯಾಟಿಗೆ ಇಳಿಸಿದಾಗ ದೋಷ ಮಾಯವಾದರೆ ತಪ್ಪು ಕಂಪ್ಯೂಟರಿನದಲ್ಲ. ಕೇಬಲನ್ನು ಫೆರೈಟ್ ಬಳೆಗೆ ಕೆಲವು ಸುತ್ತು ಸುತ್ತಬೇಕು. ಬಳೆಯ ಮಿಶ್ರಣ ನೋಡಿ ಕೊಳ್ಳಬೇಕು. ಹೈ ಫ್ರೀಕ್ವೆನ್ಸಿಗೆ 31ನೇ ನಂಬರಿನದು ಒಳ್ಳೆಯದು.

ಇದನ್ನು ಪರೀಕ್ಷಿಸಲು ಇನ್ನೊಬ್ಬರ ಕಿವಿ ಬೇಕು. ನನಗೆ ಆ ಕಿವಿ ಮೂಡುಬಿದಿರೆಯಲ್ಲಿದೆ, ನಿವೃತ್ತ ಮಾಷ್ಟ್ರದ್ದು. ಗೆರೆ ಎಳೆದರೆ ನಮ್ಮ ನಡುವೆ 20 ಕಿಲೋಮೀಟರಷ್ಟೇ ದೂರ. ಆದರೂ 13 ಡಿಗ್ರಿ ಅಕ್ಷಾಂಶ ನಡುವೆ ಹಾದುಹೋಗುವುದರಿಂದ ಹವ್ಯಾಸಿ ರೇಡಿಯೋದವರ ಭೂಪಟದಲ್ಲಿ ನಾನು ಎಂಕೆ72, ಅವರು ಎಂಕೆ73. ಬಳೆ ಸುತ್ತಿ, ಪವರ್ ಏರಿಸಿ, ಒಂದು ಸರದಿ ಕಳಿಸಿ ಫೋನು ಹಿಡಿದೆ.

"ಮಾಷ್ಟ್ರೆ, ಹೇಗುಂಟು?"

"ನಿಲ್ಲಿ, ಇನ್ನೊಂದು ಸರ್ತಿ ಬಿಡಿ."

ಬಿಟ್ಟೆ. ಅಡ್ಡಗೆರೆ ಒಂದೂ ಇಲ್ಲ, ಅಂಚು ಶುದ್ಧ ಉಂಟು ಎಂದರು. ಮತ್ತೆ ಸ್ವರ ಏರಿಸಿ, "ಜಪಾನಿನವ ಒಬ್ಬ ಆಗಿನಿಂದ ನಿಮ್ಮನ್ನೇ ಕರೀತಾ ಇದ್ದಾನೆ, ಮೊದಲು ಅವನಿಗೆ ಉತ್ತರ ಕೊಡಿ ಮಾರಾಯ್ರೆ" ಎಂದು ಫೋನಿಟ್ಟರು.