ಪತ್ರದಲ್ಲಿ ಇಲ್ಲದ ಮಾತು

ತುಮಕೂರಿನಲ್ಲಿ ನಡೆಯುತ್ತಿದ್ದ ಬೇಕರಿಯೊಂದನ್ನು ನಾನು ಕೊಂಡಾಗ ಛಾಪಾ ಕಾಗದದ ಕರಾರಿನಲ್ಲಿ ಭಟ್ಟಿ, ಹಿಟ್ಟು ಕಲಸುವ ಯಂತ್ರ, ಟ್ರೇಗಳು, ಗಾಜಿನ ಶೋಕೇಸು, ಅಂಗಡಿಯ ಹೆಸರು, ಗುಡ್‌ವಿಲ್ ಎಲ್ಲ ಇದ್ದವು. ಕೊಟ್ಟ ಹಣದಲ್ಲಿ ದೊಡ್ಡ ಪಾಲು ಗುಡ್‌ವಿಲ್‌ಗೇ. "ನೋಡಪ್ಪಾ, ಈ ಸರ್ಕಲ್ ಸುತ್ತಮುತ್ತ ನಾನಿನ್ನು ಭಟ್ಟಿ ಹಚ್ಚಲ್ಲ" ಎಂದು ಮಾರಿದವರು ಹೇಳಿದ್ದರಿಂದಲೇ ಅಷ್ಟು ಕೊಟ್ಟಿದ್ದೆ. ಮೈದಾ ಹಾಕುವ ಸಗಟು ವ್ಯಾಪಾರಿ ಪಕ್ಕದಲ್ಲೇ ಕೂತಿದ್ದರು. ಆ ಮಾತು ಪತ್ರಕ್ಕೆ ಬರಲಿಲ್ಲ.

ಮರುವರ್ಷ ದೀಪಾವಳಿಗೆ ಮುಂಚೆ ಅದೇ ಸರ್ಕಲ್‌ನ ಆಚೆ ಬದಿಗೆ ಮಾರಿದವರ ಮಗನ ಹೆಸರಲ್ಲಿ ಬೇಕರಿ ಶುರುವಾಯಿತು. ಗಲ್ಲಾದಲ್ಲಿ ಕೂರುತ್ತಿದ್ದವರು ತಂದೆಯೇ. ನಮ್ಮ ಮಾಸ್ಟರ್ ಅಲ್ಲಿಗೆ ಹೋದರು. ಅವರ ಕೈಯ ದಿಲ್‌ಪಸಂದ್‌ಗೆ ಬರುತ್ತಿದ್ದ ಗಿರಾಕಿಗಳೂ ಹೋದರು. ಹೆಂಡತಿಯ ಬಳೆ ಅಡವಿಟ್ಟು ಕೆಲಸದವರಿಗೆ ಸಂಬಳ ಕೊಟ್ಟೆ. ಕೇಳಲು ಹೋದರೆ "ಪತ್ರದಲ್ಲಿ ಎಲ್ಲಿದೆ, ತೋರ್ಸು" ಅಂದರು.

ಬರೆದ ಕರಾರಿಗೆ ವಿರುದ್ಧವಾದ ಬಾಯಿಮಾತು ನಡೆಯುವುದಿಲ್ಲ ಎಂದರು ವಕೀಲರು. ಆದರೆ 1872ರ ಸಾಕ್ಷ್ಯ ಅಧಿನಿಯಮದ 92ನೇ ಕಲಂನಲ್ಲೇ ವಿನಾಯಿತಿ ಇತ್ತು: ಪತ್ರ ಏನೂ ಹೇಳದ ವಿಷಯದಲ್ಲಿ, ಅದರ ಷರತ್ತುಗಳಿಗೆ ಅಡ್ಡ ಬಾರದ ಬೇರೊಂದು ಬಾಯಿಮಾತಿನ ಒಪ್ಪಂದವಿದ್ದರೆ ಅದನ್ನು ರುಜುವಾತು ಮಾಡಬಹುದು. ಇದೇ ನಿಯಮ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 95ನೇ ಕಲಂನಲ್ಲಿದೆ. ವ್ಯಾಪಾರಕ್ಕೆ ತಡೆ ಹಾಕುವ ಕರಾರು ಸಾಮಾನ್ಯವಾಗಿ ಅನೂರ್ಜಿತವೇ. ಆದರೂ ಗುಡ್‌ವಿಲ್ ಮಾರಿದವರು ಇಂತಿಷ್ಟು ಪ್ರದೇಶದಲ್ಲಿ ಅದೇ ವ್ಯಾಪಾರ ಮಾಡುವುದಿಲ್ಲವೆಂದು ಒಪ್ಪಿದ್ದರೆ, ಆ ಮಿತಿ ನ್ಯಾಯವಾಗಿದ್ದರೆ, ಕರಾರು ಕಾಯ್ದೆಯ 27ನೇ ಕಲಂ ಅದನ್ನು ಮಾನ್ಯ ಮಾಡುತ್ತದೆ.

ಇದನ್ನು ನಂಬಿ ದಾವೆ ಹೂಡಿದೆ. ಇಷ್ಟಿದ್ದೂ ಸಾಕ್ಷಿ ಬೇಕಲ್ಲ. ಮೈದಾ ವ್ಯಾಪಾರಿಗೆ ನಾವಿಬ್ಬರೂ ಗಿರಾಕಿಗಳು. "ನನ್ನನ್ನು ಯಾಕಪ್ಪಾ ಇದರಲ್ಲಿ ಎಳೀತೀಯ" ಎಂದು ಬಹುಕಾಲ ತಪ್ಪಿಸಿಕೊಂಡರು. ಕೊನೆಗೆ ಕಟಕಟೆ ಹತ್ತಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು. ಪಾಟೀಸವಾಲಿಗೂ ಅಲುಗಲಿಲ್ಲ. ಅದರಿಂದ ಎದುರು ಪಕ್ಷದವರ ಬೇಕರಿಯ ವ್ಯಾಪಾರ ಅವರ ಕೈತಪ್ಪಿತು. ಆ ಋಣ ನನ್ನ ಮೇಲಿದೆ.

ಅವರ ಸಾಕ್ಷ್ಯವಾದ ಮೇಲೆ ಎದುರು ಪಕ್ಷದವರು ರಾಜಿಗೆ ಬಂದರು. ಗುಡ್‌ವಿಲ್ ಹಣದಲ್ಲಿ ಅರ್ಧ ವಾಪಸು ಬಂತು. ಅವರ ಬೇಕರಿ ಅಲ್ಲೇ ಉಳಿಯಿತು. ಬಳೆ ಬಿಡಿಸಿಕೊಂಡೆ, ಸಾಲ ಪೂರ್ತಿ ತೀರಲಿಲ್ಲ.

ನಿಮಗೂ ಹೀಗಾಗಿದ್ದರೆ ತಡ ಮಾಡಬೇಡಿ. ನಷ್ಟ ಪರಿಹಾರದ ದಾವೆ ಹೂಡಲು ಕರಾರು ಮುರಿದಂದಿನಿಂದ 3 ವರ್ಷ ಮಾತ್ರ ಕಾಲಾವಕಾಶ. ಆ ಮಾತು ಕೇಳಿಸಿಕೊಂಡವರು ಯಾರೆಂದು ನೆನಪು ಮಾಡಿಕೊಂಡು ಮೊದಲು ಅವರ ಹತ್ತಿರ ಹೋಗಿ.